ತಳಗಲ್ಲು

ಬೀಳಗಿ ದಾಟಿ ಮಡ್ಡಿಯ ಏರಿಗೆ ಬೈಕು ಹತ್ತುವಾಗಲೇ ಬೋರಿನ ಗಾಡಿಯ ಸದ್ದು ಕೇಳಿಸಿತು. ಕೇಳಿಸಿದ ಕೂಡಲೆ ಶಿವಯೋಗಿಗೆ ತಾನು ಬರಬಾರದಿತ್ತು ಅನ್ನಿಸಿತು, ಅದರ ಬೆನ್ನಿಗೇ ಬಂದದ್ದು ಒಳ್ಳೆಯದೇ ಆಯಿತು ಎಂದೂ ಅನ್ನಿಸಿತು. ಸುಣ್ಣದಕಲ್ಲಿನ ಗಣಿಯಲ್ಲಿ ಭೂವಿಜ್ಞಾನಿಯಾಗಿರುವವನಿಗೆ ಕೆಲಸದ ನೆಪ ಹೇಳುವುದು ಕಷ್ಟವಲ್ಲ. ಜಮಖಂಡಿಯ ಬಾಡಿಗೆ ಮನೆಯಲ್ಲಿ ಹೊದ್ದು ಮಲಗಿದ್ದರೂ ಅನಗವಾಡಿಯ ಅಪ್ಪನ ಮನೆಯಲ್ಲಿ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ; ಅವನು ಬರದಿರುವುದೇ ಅಲ್ಲಿ ರೂಢಿಯಾಗಿ ಹೋಗಿತ್ತು. ಆದರೆ ನಿನ್ನೆ ಫೋನು ಮಾಡಿದವನು ಹಾಲೇಶ, ಅಕ್ಕ ಮಧುಮತಿಯ ಗಂಡ. ಬನಹಟ್ಟಿಯ ಮಗ್ಗದ ಮನೆತನದವನು, ಲಗ್ನವಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ಹೋಗುವುದರ ಬದಲು ಇವರ ಮನೆಗೇ ಬಂದು ನಿಂತವನು. ಅವ್ವ ತೀರಿಕೊಂಡ ಮೇಲೆ ಅವನು ತಾನಾಗಿ ಫೋನು ಮಾಡಿದ್ದು ಇದೇ ಮೊದಲು. ನಾಳೆ ಹೊಲದಲ್ಲಿ ಬೋರು ಹೊಡೆಸುತ್ತಿದ್ದೇವೆ, ಕಲ್ಲಿನ ವಿದ್ಯೆ ಕಲಿತವರು ಮನೆಯಲ್ಲೇ ಇರುವಾಗ ಮಂದಿಯನ್ನು ಯಾಕೆ ಕೇಳಬೇಕು, ಸಾಹೇಬರು ಬಂದು ಒಂದಿಷ್ಟು ನಿಂತು ನೋಡಬೇಕು ಎಂದಿದ್ದ. ಸಾಹೇಬರು ಎನ್ನುವುದು ಅವನೇ ಇಟ್ಟ ಹೆಸರು. ನೌಕರಿ ಸಿಕ್ಕ ದಿನದಿಂದ ಹಾಗೇ ಕರೆಯುತ್ತ ಬಂದಿದ್ದಾನೆ. ಅದರಲ್ಲಿ ಮರ್ಯಾದೆ ಎಷ್ಟು, ಚೇಷ್ಟೆ ಎಷ್ಟು ಎಂದು ಶಿವಯೋಗಿ ಇಷ್ಟು ವರ್ಷ ತೂಗುತ್ತ ಬಂದಿದ್ದಾನೆ. ತಕ್ಕಡಿ ಪ್ರತಿ ಸಲವೂ ಚೇಷ್ಟೆಯ ಕಡೆಗೇ ಬಾಗಿದೆ.

ಹೊಲದ ನಡುವೆ ಗಾಡಿ ನಿಂತಿತ್ತು, ಬಿಳಿ ಧೂಳು ಆಳೆತ್ತರ ಏಳುತ್ತಿತ್ತು. ಬೋರಿನ ಏಜೆಂಟ ಮುತ್ತಣ್ಣನ ಜೊತೆ ಮಾತಾಡುತ್ತಿದ್ದ ಹಾಲೇಶ ಇವನನ್ನು ಕಂಡು ಕೈ ಎತ್ತಿದ, ದಾಪುಗಾಲಿನಲ್ಲಿ ಬಂದು ಬೈಕಿನ ಹ್ಯಾಂಡಲ್ಲು ಹಿಡಿದು ತಾನೇ ಅದನ್ನು ಬೇವಿನ ಗಿಡದ ನೆರಳಿಗೆ ತಳ್ಳಿಕೊಂಡು ಹೋದ. ಇದೂ ಅವನದೊಂದು ಚಾಳಿ. ವಸ್ತು ಯಾರದಾದರೂ ಇರಲಿ, ಅವನು ಕೈ ಹಾಕಿದ ಮೇಲೆ ಅದು ಅವನದೇ. ಮೊದಲು ಅಪ್ಪನ ಎತ್ತುಗಳಿಗೆ ಕೈ ಹಾಕಿದ. ಆಮೇಲೆ ಅಪ್ಪನ ಪಗಡೆಯಾಟಕ್ಕೆ, ಅಪ್ಪನ ಮಾತಿಗೆ. ಅಪ್ಪ ಮುರಗೆಪ್ಪ ಹಾಸಿಗೆ ಹಿಡಿದಾಗ ಎತ್ತಿ ಕೂರಿಸಿದವನು, ಮೈ ತೊಳೆದವನು, ನುಚ್ಚು ತಿನ್ನಿಸಿದವನು ಹಾಲೇಶನೇ. ಇದು ಊರಿಗೆಲ್ಲ ಗೊತ್ತು, ಮತ್ತು ಅದನ್ನು ಶಿವಯೋಗಿಯ ಮುಂದೆ ಹೇಳುವುದನ್ನು ಊರವರು ಯಾವತ್ತೂ ಮರೆತಿಲ್ಲ. ಅಳಿಯ ಸಿಕ್ಕರೆ ಇಂಥವನು ಸಿಗಬೇಕು ಎನ್ನುತ್ತ ಅವರು ಚಹಾ ಹೀರುತ್ತಿದ್ದರು, ಆ ಚಹಾದ ಕಪ್ಪನ್ನು ತಂದುಕೊಟ್ಟ ಮಗ ಅಲ್ಲೇ ಬಾಗಿಲಲ್ಲಿ ನಿಂತಿರುತ್ತಿದ್ದ. ಹೊಗಳಿಕೆಗೆ ಇಂಥ ಹಲ್ಲು ಇರುತ್ತದೆ ಎಂದು ಅವನಿಗೆ ಆಗ ಗೊತ್ತಾದದ್ದು.

ಗಿಡದ ಕೆಳಗೆ ಮಧುಮತಿ ಮೂರು ಕಲ್ಲು ಹೂಡಿ ಅಡಿಗೆ ಮಾಡುತ್ತಿದ್ದಳು. ಬೋರಿನ ಮಂದಿಗೆಲ್ಲ ರೊಟ್ಟಿ ಬಡಿಯಬೇಕು, ಮಡ್ಡಿಯ ಗಾಳಿಗೆ ಒಲೆ ನಿಲ್ಲುತ್ತಿಲ್ಲ ಎಂದು ಗೊಣಗಿದಳು, ತಮ್ಮನ ಮುಖ ನೋಡಿ ಸೊರಗಿದ್ದೀ ಎಂದಳು. ಅವಳ ಹಿಂದೆ, ದೂರ ಇಳಿಜಾರಿನಲ್ಲಿ, ಕೃಷ್ಣೆಯ ಹಿನ್ನೀರು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಅಪ್ಪನ ಒಳ್ಳೆಯ ಹೊಲವೆಲ್ಲ ಆ ನೀರಿನ ಕೆಳಗಿದೆ. ಉಳಿದದ್ದು ಈ ಕಲ್ಲುನೆಲದ ಬರಡು ಮಡ್ಡಿ. ನೀರು ಕಣ್ಣಿಗೆ ಕಾಣುತ್ತದೆ, ಹೊಲಕ್ಕೆ ಬರುವುದಿಲ್ಲ. ಇಲ್ಲಿ ಬೋರಿಗೆ ನೀರು ಬಿದ್ದರೆ ದಾಳಿಂಬೆ ಹಚ್ಚುವುದು ಹಾಲೇಶನ ಲೆಕ್ಕಾಚಾರ. ಬೀಳದಿದ್ದರೆ ಮನೆಗೆ ಕೀಲಿ ಹಾಕಿ ಬನಹಟ್ಟಿಗೆ ಹೋಗುವುದು. ಅಲ್ಲಿ ಅವನ ತಮ್ಮನದು ಮಗ್ಗದ ಶೆಡ್ಡು ಇದೆ, ಗಂಡ ಹೆಂಡತಿ ಇಬ್ಬರಿಗೂ ಅಲ್ಲಿ ಕೆಲಸವುಂಟು. ಹೋದ ತಿಂಗಳು ಅಕ್ಕ ಫೋನಿನಲ್ಲಿ ಇದನ್ನು ಹೇಳಿದಾಗ ಶಿವಯೋಗಿಯ ಹೊಟ್ಟೆ ತಣ್ಣಗಾಯಿತು. ಬಂದವನು ಬಂದ ದಾರಿಯಲ್ಲಿ ವಾಪಸು ಹೋಗುತ್ತಾನೆ. ಮನೆಯ ಕೀಲಿ ಯಾರ ಕೈಗೆ ಬರುತ್ತದೆ? ಆ ಸಂತೋಷಕ್ಕೆ ನಾಚಿಕೆಯಾಗಿ ಅವನು ಅಕ್ಕನಿಗೆ, ಹಾಗೆಲ್ಲ ಅನ್ನಬೇಡ, ನೀರು ಬೀಳುತ್ತದೆ ಎಂದು ಸಮಾಧಾನ ಹೇಳಿದ್ದ. ನಾಚಿಕೆ ಆ ಸಂಜೆಗೇ ಹೋಯಿತು, ಸಂತೋಷ ಉಳಿಯಿತು.

ಗಾಡಿಯ ಹತ್ತಿರ ಕೂತು ಅವನು ಬೀಳುತ್ತಿದ್ದ ಹುಡಿಯನ್ನು ಅಂಗೈಗೆ ತೆಗೆದುಕೊಂಡು ನೋಡತೊಡಗಿದ. ಜೇಬಿನಲ್ಲಿ ಆಸಿಡ್ಡಿನ ಪುಟ್ಟ ಸೀಸೆ ಇತ್ತು; ಒಂದು ಹನಿ ಹಾಕಿದರೆ ಹುಡಿ ಬುಸುಬುಸು ನೊರೆ ಬಿಡುತ್ತಿತ್ತು. ಸುಣ್ಣದಕಲ್ಲು. ಮುತ್ತಣ್ಣ ಬಗ್ಗಿ ನೋಡಿ, ಸೋಡಾ ಕುದ್ದಂಗ ಕುದೀತೈತಲ್ರಿ ಎಂದು ನಕ್ಕ. ಹಾಲೇಶನೂ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಅವನ ಮೈಯಿಂದ ಬೆವರಿನ, ತಂಬಾಕಿನ ವಾಸನೆ ಬರುತ್ತಿತ್ತು, ಅಪ್ಪನ ಮೈಯಿಂದ ಬರುತ್ತಿದ್ದದ್ದೂ ಅದೇ ತಂಬಾಕಿನ ವಾಸನೆ. ಶಿವಯೋಗಿ ಚೂರು ಸರಿದು ಕೂತ. ಮಧ್ಯಾಹ್ನದ ಹೊತ್ತಿಗೆ ಹುಡಿಯ ಬಣ್ಣ ಬದಲಾಯಿತು. ಮೊದಲು ಸುಣ್ಣದಕಲ್ಲಿನ ಚೂರುಗಳು ಸಕ್ಕರೆಯ ಹಾಗೆ ಬೆಳ್ಳಗೆ, ಗಟ್ಟಿಯಾಗಿ ಬಂದವು. ಬೆಂಕಿ ತಾಗಿದ ಕಲ್ಲು ಅದು. ಆಮೇಲೆ ಕಪ್ಪು. ಗಾಡಿಯ ಸದ್ದು ಕೂಡ ಬೇರೆಯಾಯಿತು, ಕಬ್ಬಿಣದ ಮೇಲೆ ಕಬ್ಬಿಣ ಬಡಿದ ಸದ್ದು. ಶಿವಯೋಗಿ ಹನಿ ಹಾಕಿದ. ನೊರೆ ಬರಲಿಲ್ಲ. ಕರಿಕಲ್ಲು.

ಅವನಿಗೆ ಈ ಕರಿಕಲ್ಲಿನ ಜಾತಕ ಗೊತ್ತು. ಹೊಲದ ಆಚೆಯ ಹಳ್ಳದ ದಡದಲ್ಲಿ ಇದೇ ಕಲ್ಲು ತೆರೆದು ನಿಂತಿದೆ, ಓದುವ ಕಾಲದಲ್ಲಿ ರಜೆಗೆ ಬಂದಾಗೆಲ್ಲ ಅದನ್ನು ಒಡೆದು ನೋಡಿದ್ದಾನೆ. ಮೇಲೆ ಸುಣ್ಣದಕಲ್ಲು, ನಡುವೆ ಕರಿಕಲ್ಲಿನ ದಪ್ಪ ಹಾಸು, ಕೆಳಗೆ ಮತ್ತೆ ಅದೇ ಸುಣ್ಣದಕಲ್ಲು. ಪುಸ್ತಕದವರು ಇದನ್ನು ಸಿಲ್ ಎನ್ನುತ್ತಾರೆ. ನೆಲದ ಆಳದಿಂದ ಕುದಿಯುತ್ತ ಏರಿದ ಕಲ್ಲಿನ ರಸ ಮೇಲಕ್ಕೆ ಬಂದು ಹರಿಯಲು ದಾರಿ ಸಿಗದೆ, ಒಂದರ ಮೇಲೊಂದು ಒರಗಿ ಮಲಗಿದ್ದ ಎರಡು ಪದರಗಳ ಸಂದಿ ಹುಡುಕಿ ಅಡ್ಡಡ್ಡ ನುಗ್ಗುತ್ತದೆ. ಒಡೆಯುವುದಿಲ್ಲ, ಸೀಳುವುದಿಲ್ಲ, ಮೇಲಿನ ಪದರವನ್ನು ಮೆಲ್ಲಗೆ ಎತ್ತಿ ಹಿಡಿದು ತನಗೆ ಜಾಗ ಮಾಡಿಕೊಳ್ಳುತ್ತದೆ. ಆಮೇಲೆ ಆರಿ ಗಟ್ಟಿಯಾಗಿ, ಹುಟ್ಟಿದಾಗಿನಿಂದ ಅಲ್ಲೇ ಇದ್ದೆ ಎಂಬಂತೆ ಮಲಗುತ್ತದೆ. ಮೇಲೆ ಹರಿದುಹೋಗುವ ಬೆಂಕಿರಸವಾದರೆ ತನ್ನ ಕೆಳಗಿನದನ್ನಷ್ಟೇ ಸುಡುತ್ತದೆ. ಇದು ಮೇಲಿನದನ್ನೂ ಸುಡುತ್ತದೆ, ಕೆಳಗಿನದನ್ನೂ. ಹೊರಗಿನಿಂದ ಬಂದವನು ಎಂದು ಅದನ್ನು ಹಿಡಿಯುವುದು ಆ ಎರಡು ಸುಟ್ಟ ಗುರುತಿನಿಂದಲೇ. ಹಾಲೇಶ ಬಂದದ್ದೂ ಹೀಗೆಯೇ ಅಲ್ಲವೇ. ಜಗಳ ಆಡಲಿಲ್ಲ, ಒಂದು ಮಾತು ಎತ್ತರಿಸಲಿಲ್ಲ. ಅಪ್ಪನಿಗೂ ಮಗನಿಗೂ ನಡುವೆ, ಅವ್ವನಿಗೂ ಮಗನಿಗೂ ನಡುವೆ ಇದ್ದಷ್ಟೇ ಸಂದಿಯಲ್ಲಿ ನುಸುಳಿದ. ರಜೆಗೆ ಬಂದ ಶಿವಯೋಗಿಗೆ ತನ್ನ ಮನೆಯಲ್ಲಿ ತಾನು ಹಾಸಿಗೆ ಎಲ್ಲಿ ಹಾಸಬೇಕು ಎಂದು ಕೇಳುವ ಸ್ಥಿತಿ ಬಂತು. ಅಂಗಳದಲ್ಲಿ ತಂಪಿರ್ತೈತಿ ಸಾಹೇಬ್ರ, ಅಲ್ಲೇ ಹಾಸ್ಕೊರಿ ಎಂದಿದ್ದ ಹಾಲೇಶ, ಪ್ರೀತಿಯಿಂದಲೇ ಅಂದಿದ್ದ, ದಿಂಬನ್ನೂ ತಂದುಕೊಟ್ಟಿದ್ದ. ಆ ದಿಂಬನ್ನು ನೆನೆದರೆ ಇವತ್ತಿಗೂ ಕಿವಿ ಕಾಯುತ್ತದೆ.

ಅವ್ವ ಕಸ್ತೂರೆವ್ವ ಹೋದ ದಿನ ಅವನು ಗಣಿಯ ತಗ್ಗಿನಲ್ಲಿದ್ದ. ಅಲ್ಲಿ ಫೋನು ಹಿಡಿಯುವುದಿಲ್ಲ. ಆಫೀಸಿನವರು ಸುದ್ದಿ ಮುಟ್ಟಿಸುವಾಗ ಹೊತ್ತು ಬಾಗಿತ್ತು. ಬೇಸಗೆಯ ಬಿಸಿಗಾಳಿಯಲ್ಲಿ ಬೈಕು ಓಡಿಸುತ್ತ ದಾರಿಯುದ್ದಕ್ಕೂ ಅವನು ಒಂದನ್ನೇ ನೆನೆಯುತ್ತಿದ್ದ: ಅವ್ವನನ್ನು ಕುಣಿಯಲ್ಲಿ ಕೂರಿಸಿರುತ್ತಾರೆ, ಜಂಗಮರು ವಿಭೂತಿ ಇಟ್ಟಿರುತ್ತಾರೆ, ಪತ್ರಿ ಹಾಕಿ ಮೊದಲ ಹಿಡಿ ಮಣ್ಣಿಗೆ ಮಗನ ದಾರಿ ಕಾಯುತ್ತಿರುತ್ತಾರೆ. ಮಣ್ಣು ಕೊಡುವುದೆಂದರೆ ಏನು, ಒಂದು ಹಿಡಿ ಮಣ್ಣು. ಅದನ್ನು ಕೊಟ್ಟವನೇ ಮನೆಯವನು, ಕೊಡದವನು ಬಂದುಹೋಗುವ ಬೀಗರವನು. ಹೊಲಕ್ಕೆ ಬಂದಾಗ ಕುಣಿ ಮುಚ್ಚಿತ್ತು. ಮುಚ್ಚಿದ ಮಣ್ಣಿನ ಮೇಲೆ ನೀರು ಚಿಮುಕಿಸಿ ಕೈಯಿಂದ ತಟ್ಟಿ ನುಣುಪು ಮಾಡಿದ್ದರು, ಹಾಲೇಶನ ಬೆರಳ ಗುರುತು ಅದರ ಮೇಲಿತ್ತು. ಮಂದಿ ಮನೆಯ ಕಡೆ ನಡೆಯುತ್ತಿದ್ದರು. ಎದುರು ಸಿಕ್ಕವರೆಲ್ಲ ಕೈ ಹಿಡಿದು ಸಮಾಧಾನ ಹೇಳಿದ್ದು ಹಾಲೇಶನಿಗೆ. ಶಿವಯೋಗಿಯನ್ನು ನೋಡಿ, ಬಂದ್ಯಾ ಎಂದರು. ಅಷ್ಟೇ. ಕಾಯುವುದು ಬೇಡ ಅಂದವರು ಯಾರು ಎಂದು ಅವನು ಕೇಳಿದ, ಗಂಟಲು ಹರಿಯುವ ಹಾಗೆ ಕೇಳಿದ. ಹಾಲೇಶ ಮುಖ ಕೆಳಗೆ ಹಾಕಿ ನಿಂತಿದ್ದ.

"ನಾನ ಅಂದೆ. ಬಿಸಲು ಭಾಳ ಇತ್ತು, ಕಾಯಾಕ ಆಗಂಗಿರಲಿಲ್ಲ ಸಾಹೇಬ್ರ. ಮಣ್ಣು ನಾ ಕೊಟ್ಟೇನಿ."

ಆ ಸಾಹೇಬ್ರ ಎಂಬ ಮಾತನ್ನು ಅವನು ಅಲ್ಲಿಯೂ ಬಿಡಲಿಲ್ಲ. ಅದಾದ ಮೇಲೆ ಶಿವಯೋಗಿ ಆ ಮನೆಯಲ್ಲಿ ಉಂಡದ್ದು ಕಡಿಮೆ. ಹುಣಸೆ ಮುಪ್ಪಾದರೂ ಹುಳಿ ಮುಪ್ಪಲ್ಲ ಎನ್ನುತ್ತಾರೆ, ಅವನ ಹುಳಿಯೂ ವರ್ಷ ಕಳೆದಂತೆ ಇನ್ನಷ್ಟು ಬಲಿಯಿತು. ಗಣಿಯಲ್ಲಿ ಪ್ರತಿದಿನ ಮಣ್ಣು ಕಲ್ಲುಗಳ ನಡುವೆ ನಿಂತು, ಲಾರಿಗಟ್ಟಲೆ ಮಣ್ಣು ಕಣ್ಣ ಮುಂದೆ ಹೋಗುವಾಗ, ಒಂದು ಹಿಡಿಗೆ ಎರವಾದೆನಲ್ಲ ಎಂದು ಹಲ್ಲು ಕಚ್ಚುತ್ತಿದ್ದ. ಸೇಡು ಎಂದರೆ ಏನು ಮಾಡಬೇಕು ಎಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಬಡಿದಾಡುವ ಜಾತಿ ಅವನದಲ್ಲ. ಕೋರ್ಟಿಗೆ ಹೋಗೋಣವೆಂದರೆ ಎದುರಿಗೆ ಅಕ್ಕ ನಿಲ್ಲುತ್ತಾಳೆ. ಮನಸ್ಸಿನೊಳಗೇ ನೂರು ಸಲ ಹಾಲೇಶನನ್ನು ಮನೆಯಿಂದ ಹೊರಗೆ ಹಾಕಿದ್ದಾನೆ, ನೂರು ಸಲವೂ ಹಾಲೇಶ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಆತು ಎನ್ನುತ್ತ ಹೋಗಿದ್ದಾನೆ. ಆ ಹೋಗುವಿಕೆಯಲ್ಲಿ ಸೋಲು ಕಾಣದೆ ಶಿವಯೋಗಿ ಮತ್ತೆ ಮೊದಲಿನಿಂದ ಹೊರಗೆ ಹಾಕಿದ್ದಾನೆ.

ಗಾಡಿ ಇನ್ನೂ ಕರಿಕಲ್ಲನ್ನೇ ಅರೆಯುತ್ತಿತ್ತು. ಅವನು ಹುಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿದ. ಮೊದಲು ನುಣ್ಣಗಿತ್ತು, ಆಮೇಲೆ ಬರಬರುತ್ತ ದಪ್ಪ ಕಾಳಾಗಿ ರವೆಯ ಹಾಗೆ ಬಂತು, ಈಗ ಮತ್ತೆ ನುಣ್ಣಗಾಗುತ್ತಿದೆ. ತಣ್ಣನೆಯ ಪದರಕ್ಕೆ ತಾಗಿದ ಅಂಚು ಬೇಗ ಆರುತ್ತದೆ, ಅಲ್ಲಿ ಕಾಳು ಕಟ್ಟಲು ಪುರುಸೊತ್ತು ಇರುವುದಿಲ್ಲ. ನಡುವಿನದು ನಿಧಾನಕ್ಕೆ ಆರಿ ದಪ್ಪ ಕಾಳು ಕಟ್ಟುತ್ತದೆ. ಮತ್ತೆ ನುಣುಪಾಯಿತೆಂದರೆ ಕೆಳಗಿನ ಅಂಚು ಹತ್ತಿರ ಬಂತು. ಕೊರೆಯುವ ಕಬ್ಬಿಣದ ರಾಡು ಇನ್ನು ಒಂದೆರಡು ಇಳಿದರೆ ಕರಿಕಲ್ಲು ಮುಗಿದು ಸುಣ್ಣದಕಲ್ಲು ಸಿಗುತ್ತದೆ. ಹಳ್ಳದ ದಡದಲ್ಲಿ ಎಂಥ ಬೇಸಗೆಯಲ್ಲೂ ನೀರು ಜಿನುಗುವುದು ಆ ಕೆಳಗಿನ ಸುಣ್ಣದಕಲ್ಲಿನ ಬಿರುಕಿನಿಂದ. ನೀರು ಅಲ್ಲಿದೆ. ಅವನ ಕಾಲ ಕೆಳಗೇ ಇದೆ. ಇದು ಈ ಹೊಲದಲ್ಲಿ ಅವನೊಬ್ಬನಿಗೇ ಗೊತ್ತು ಎಂಬ ಅರಿವು ಮೆಲ್ಲಗೆ ಮೈಯೆಲ್ಲ ಹರಡಿತು, ಬಾಯಲ್ಲಿ ಬೆಲ್ಲ ಇಟ್ಟ ಹಾಗಾಯಿತು. ಇಷ್ಟು ವರ್ಷ ಹುಡುಕಿದ್ದು ಕೊನೆಗೂ ಕೈಗೆ ಸಿಕ್ಕಿತ್ತು. ಅದಕ್ಕೆ ಕೈ ಎತ್ತುವುದೂ ಬೇಕಾಗಿರಲಿಲ್ಲ.

ಮುತ್ತಣ್ಣ ಗಾಡಿ ನಿಲ್ಲಿಸಿದ. ಸದ್ದು ನಿಂತಾಗ ಕಿವಿ ಗುಂಯ್ ಎಂದಿತು, ದೂರದ ಹೊಲದ ಯಾರದೋ ಟ್ರಾಕ್ಟರು ಕೇಳತೊಡಗಿತು. ಈ ಕಡೆ ಬೋರು ಹೊಡೆಯುವವರದು ಒಂದು ನಂಬಿಕೆ ಇದೆ, ರೈತರದೂ ಅದೇ ನಂಬಿಕೆ: ಕರಿಕಲ್ಲು ಬಂತೆಂದರೆ ಭೂಮಿ ಅಲ್ಲಿಗೆ ಮುಗಿಯಿತು. ಎಷ್ಟೋ ಹೊಲಗಳಲ್ಲಿ ಅದೇ ಮಾತಿನ ಮೇಲೆ ಕೊಳವೆ ಮುಚ್ಚಿ ಹೋಗಿದ್ದಾರೆ. ಮುತ್ತಣ್ಣನೂ ಅದನ್ನೇ ಹೇಳಿದ. ಕರಿಕಲ್ಲು ಬಂದ ಮೇಲೆ ಭೂಮಿ ಬಾಗಿಲು ಹಾಕಿಕೊಂಡ ಹಾಗೆ, ಇನ್ನು ಕೊರೆದರೆ ಧೂಳು ತಿನ್ನಬೇಕು ಎಂದ. ಅವನದೇನೂ ಮೋಸವಿರಲಿಲ್ಲ, ನಂಬಿದ್ದನ್ನೇ ಹೇಳಿದ್ದ. ಹಾಲೇಶ ಅವನ ಕಡೆ ನೋಡಲೇ ಇಲ್ಲ. ತಲೆಯ ಟವೆಲು ಬಿಚ್ಚಿ, ಧೂಳು ಮೆತ್ತಿದ ಮುಖ ಒರೆಸಿಕೊಂಡು, ಶಿವಯೋಗಿಯ ಎದುರು ಬಂದು ನಿಂತ.

"ಮುತ್ತಣ್ಣ ಹೇಳಿದ್ದು ನನಗ ಬ್ಯಾಡ. ನೀವು ಹೇಳ್ರಿ. ಮುಂದ ಹೋಗೂದೋ, ನಿಂದ್ರಸೂದೋ?"

ಶಿವಯೋಗಿ ಮತ್ತೊಮ್ಮೆ ಹುಡಿ ತೆಗೆದುಕೊಂಡು ತಿಕ್ಕಿದ. ತಿಕ್ಕುವ ಅಗತ್ಯವಿರಲಿಲ್ಲ, ಎಲ್ಲರೂ ತನ್ನ ಬೆರಳನ್ನೇ ನೋಡುತ್ತಿದ್ದಾರೆ ಎಂಬುದು ಹಿತವಾಗಿತ್ತು. ರೊಟ್ಟಿ ಬಡಿಯುತ್ತಿದ್ದ ಅಕ್ಕ ಕೂಡ ಕೈ ನಿಲ್ಲಿಸಿದ್ದಳು. ಹಾಲೇಶನ ಹುಬ್ಬು ಬೆಳ್ಳಗಾಗಿತ್ತು, ಅದು ಧೂಳೋ ನರೆಯೋ ತಿಳಿಯದು. ಆ ಕಣ್ಣಿನಲ್ಲಿ ಚೇಷ್ಟೆ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ತಳಾ ಐತಿ," ಎಂದ ಶಿವಯೋಗಿ. "ಇದರ ಬುಡಕ ಏನೂ ಇಲ್ಲ."

ಹಾಲೇಶ ತಲೆ ಆಡಿಸಿದ. ಇನ್ನೊಂದು ಮಾತು ಕೇಳುತ್ತಾನೆ, ವಾದ ಹೂಡುತ್ತಾನೆ, ಮತ್ತೆರಡು ರಾಡು ನೋಡೋಣ ಎನ್ನುತ್ತಾನೆ ಎಂದು ಶಿವಯೋಗಿ ಉತ್ತರ ಹೊಂದಿಸಿಕೊಂಡು ನಿಂತಿದ್ದ. ಹಾಲೇಶ ಆತು ಎಂದ, ಹೋಗಿ ಮುತ್ತಣ್ಣನಿಗೆ ರಾಡು ಎತ್ತಲು ಹೇಳಿದ. ಹೊಂದಿಸಿಕೊಂಡ ಉತ್ತರಗಳು ಬಾಯಲ್ಲೇ ಉಳಿದವು. ಆ ಮನೆಯಲ್ಲಿ ಅವನ ಮಾತು ಕೊನೆಯ ಮಾತಾದದ್ದು ಅದೇ ಮೊದಲ ಸಲ. ಅಪ್ಪ ಇದ್ದಾಗ ಆಗಿರಲಿಲ್ಲ, ಅವ್ವ ಇದ್ದಾಗ ಆಗಿರಲಿಲ್ಲ. ಹುಡಿ ಹತ್ತಿದ ಕೈ ಕೊಡವಿ ಗಿಡದ ನೆರಳಿಗೆ ಹೋಗಿ ಕೂತ.

ಮಧುಮತಿ ತಾಟಿಗೆ ರೊಟ್ಟಿ, ಬದನೆಕಾಯಿ, ಶೇಂಗಾದ ಹಿಂಡಿ ಹಾಕಿ ಅವನ ಮುಂದೆ ಇಟ್ಟಳು. ಅವನು ಮುರಿದು ಬಾಯಿಗಿಟ್ಟ. ಅವಳು ಒಲೆಯ ಮುಂದೆ ಕೂತು, ಗಾಡಿಯ ಕಡೆ ನೋಡುತ್ತಲೇ ಮಾತಾಡಿದಳು, ತಮ್ಮನ ಕಡೆ ತಿರುಗಲಿಲ್ಲ. ಹಳ್ಳದಲ್ಲಿ ಅವನು ಕಲ್ಲು ಒಡೆಯುವಾಗ ಚೀಲ ಹಿಡಿದು ನಿಂತಿರುತ್ತಿದ್ದವಳು ತಾನು, ಕರಿಕಲ್ಲಿನ ಕೆಳಗೆ ಮತ್ತೆ ಸುಣ್ಣದಕಲ್ಲು ಇರುತ್ತದೆ ಎಂದು ಆಗ ಅವನೇ ತೋರಿಸಿದ್ದ ಎಂದಳು. ಅವನ ಬಾಯಲ್ಲಿ ರೊಟ್ಟಿ ನಿಂತಿತು. ಅದು ಬೇರೆ ಕಲ್ಲು, ಇದು ಬೇರೆ ಕಲ್ಲು ಎಂದ. ಇರಬಹುದು ಎಂದಳು ಅಕ್ಕ. ಅಷ್ಟಕ್ಕೇ ಬಿಡುತ್ತಾಳೆ ಅಂದುಕೊಂಡ. ಅವಳು ಒಲೆಯ ಕೊಳ್ಳಿ ಹಿಂದಕ್ಕೆ ಎಳೆದಳು.

"ಅಲ್ಲೇ ಕೇಳಬೇಕಂದೆ ತಮ್ಮಾ. ಮಂದ್ಯಾಗ ನಿನ್ನ ಮಾತು ಹೋಗಬಾರದಂತ ಸುಮ್ಮನಾದೆ. ನಿನ್ನ ಸಿಟ್ಟು ನನಗ ಗೊತ್ತೈತಿ. ಅವ್ವನ ಮಣ್ಣಿಗೆ ಕಾಯೂದು ಬ್ಯಾಡ ಅಂದಾಕಿ ನಾನು, ಅವರಲ್ಲ. ಅವರು ಕಾಯೂಣಂತನ ಕುಂತಿದ್ರು. ಅವ್ವನ ಮಾರಿ ಬಾತಿತ್ತು, ಗುರುತ ಸಿಗತಿರಲಿಲ್ಲ. ಆ ಮಾರಿ ನಿನ್ನ ಕಣ್ಣಿಗೆ ಬೀಳಬಾರದಂತ ಮುಚ್ಚಸಿದೆ. ಅಕ್ಕಾ ತಮ್ಮಾ ಕೆಡಬ್ಯಾಡ್ರಿ ಅಂತ ಅವರು ತಮ್ಮ ಮ್ಯಾಲ ಹಾಕ್ಕೊಂಡ್ರು."

ಶಿವಯೋಗಿ ನೀರು ಕುಡಿದ. ಗಾಡಿಯ ಮೇಲೆ ರಾಡುಗಳು ಒಂದೊಂದಾಗಿ ಏರುತ್ತಿದ್ದವು, ಇನ್ನೂ ಅರ್ಧ ನೆಲದೊಳಗಿದ್ದವು. ಎದ್ದು ನಾಲ್ಕು ಹೆಜ್ಜೆ ನಡೆದರೆ ಸಾಕು. ತಡೀರಿ, ಇನ್ನೆರಡು ರಾಡು ಇಳಿಸಿ ನೋಡೋಣ ಅಂದರೆ ಮುಗಿಯಿತು, ಕಲ್ಲಿನ ವಿದ್ಯೆಯಲ್ಲಿ ಹೀಗೆ ಮಾತು ಬದಲಾಯಿಸುವುದು ದೊಡ್ಡದಲ್ಲ. ಅವನು ಏಳಬೇಕೆಂದುಕೊಂಡ. ಆದರೆ ಏಳುವ ಬದಲು ಹೊಸದೊಂದು ಕಿಚ್ಚು ಹೊಟ್ಟೆಯಿಂದ ಎದ್ದಿತು. ಹಾಲೇಶ ತಪ್ಪು ಮಾಡಿರಲಿಲ್ಲ. ಮಾಡದ ತಪ್ಪನ್ನು ಹೊತ್ತುಕೊಂಡು, ಇಷ್ಟು ವರ್ಷ ತನ್ನ ಸಿಟ್ಟನ್ನೆಲ್ಲ ತಲೆ ಬಾಗಿಸಿ ಉಂಡು, ಒಂದು ದಿನವೂ ಬಾಯಿ ಬಿಡದೆ, ಒಳಗೊಳಗೇ ದೊಡ್ಡವನಾಗಿ ಕೂತಿದ್ದ. ಎತ್ತು ಅವನದಾಯಿತು, ಅಪ್ಪ ಅವನವನಾದ, ಅವ್ವನ ಮಣ್ಣು ಅವನದಾಯಿತು. ಉಳಿದಿದ್ದ ತಪ್ಪೊಂದು, ಅದನ್ನೂ ಅವನೇ ತನ್ನದು ಮಾಡಿಕೊಂಡಿದ್ದ. ದ್ವೇಷ ಮಾಡಲು ಕೂಡ ನ್ಯಾಯವಾದ ಕಾರಣ ಬಿಡಲಿಲ್ಲ. ಈಗ ಹೋಗಿ ಸುಳ್ಳು ಹೇಳಿದೆ ಎಂದು ನಿಂತರೆ ಅದಕ್ಕೂ ಹಾಲೇಶ, ಇರಲಿ ಬಿಡ್ರಿ ಸಾಹೇಬ್ರ ಎನ್ನುತ್ತಾನೆ. ಖಂಡಿತ ಎನ್ನುತ್ತಾನೆ. ಆ ಮಾತನ್ನು ಕೇಳುವುದಕ್ಕಿಂತ ಈ ಹೊಲ ಸುಟ್ಟುಹೋಗಲಿ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದು ತನಗೇ ಕೇಳುವಷ್ಟು ಸ್ಪಷ್ಟವಾಗಿತ್ತು.

ಹಾಲೇಶ ಕಿವಿಗೆ ಫೋನು ಹಚ್ಚಿಕೊಂಡು ಗಿಡದ ಕಡೆಗೇ ಬರುತ್ತಿದ್ದ. ಬನಹಟ್ಟಿಯ ತಮ್ಮನ ಜೊತೆ ಮಾತು. ಇರಲಿಕ್ಕೆ ಒಂದು ಖೋಲಿ ನೋಡಿಡು, ನಾವಿಬ್ಬರೂ ಬರುತ್ತೇವೆ ಎಂದು ಹೇಳುತ್ತಿದ್ದ. ಆ ಕಡೆಯವನು ಅಷ್ಟು ಬೇಗ ಕೈ ಬಿಡಬೇಡ ಎನ್ನುತ್ತಿದ್ದನೆಂದು ಕಾಣುತ್ತದೆ, ಹಾಲೇಶನ ದನಿ ತುಸು ಬಿಗಿಯಾಯಿತು. ಬೋರಿನವರು ಹೇಳಿದ್ದಲ್ಲ, ನಮ್ಮ ಸಾಹೇಬರು ತಾವೇ ನಿಂತು ನೋಡಿದ್ದಾರೆ, ಅವರು ತಳ ಅಂದರೆ ತಳವೇ ಎಂದ. ಆಮೇಲೆ, ನಂಬದಿದ್ದರೆ ಅವರನ್ನೇ ಕೇಳು ಎಂದು ಫೋನನ್ನು ಶಿವಯೋಗಿಯ ಕಡೆ ಚಾಚಿದ. ಮಧುಮತಿ ಆಗ ತಮ್ಮನ ಮುಖ ನೋಡಿದಳು. ಅವನು ಎಂಜಲಿಲ್ಲದ ಎಡಗೈಯಲ್ಲಿ ಫೋನು ಹಿಡಿದುಕೊಂಡ.

"ಹೌದ್ರಿ," ಎಂದ. "ನಾನ ನೋಡೇನಿ. ಕೆಳಗೇನೂ ಇಲ್ಲ."

ಫೋನು ವಾಪಸು ಕೊಟ್ಟ. ಹಾಲೇಶ ಅದನ್ನು ಒರೆಸಿ ಜೇಬಿಗಿಟ್ಟುಕೊಂಡು, ರಾಡು ಎತ್ತುವವರಿಗೆ ಕೈ ಹಚ್ಚಲು ಹೋದ. ಅಕ್ಕ ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ, ಇನ್ನೊಂದು ಹಾಕಲೇನು ಎಂದು ಕೇಳಿದಳು. ಶಿವಯೋಗಿಗೆ ಹಸಿವಿತ್ತು. ತಾಟನ್ನು ಮುಂದೆ ಹಿಡಿದ.